ಕೌಂಟರಿನ ಈಚೆಯಿಂದ: ರಿಸರ್ವ್ ಬ್ಯಾಂಕ್ ಗವರ್ನರ್ ಅವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಗವರ್ನರ್ ಅವರು,
ಭಾರತೀಯ ರಿಸರ್ವ್ ಬ್ಯಾಂಕ್,
ಶಹೀದ್ ಭಗತ್ ಸಿಂಗ್ ಮಾರ್ಗ, ಮುಂಬೈ.

ವಿಷಯ: ಡಿಜಿಟಲ್ ವಹಿವಾಟಿನ ನಷ್ಟದ ಹೊಣೆ ಗ್ರಾಹಕರ ತಲೆಗೆ ಬೀಳುತ್ತಿರುವ ಬಗ್ಗೆ.

ಮಾನ್ಯರೇ,

ನಾನು ದಕ್ಷಿಣ ಕನ್ನಡ ಜಿಲ್ಲೆಯ ಸಣ್ಣ ಪೇಟೆಯೊಂದರಲ್ಲಿ ವಾಸವಾಗಿರುವ ನಿವೃತ್ತ ಬ್ಯಾಂಕ್ ಕ್ಯಾಷಿಯರ್. ಕೆಲಸಕ್ಕೆ ಸೇರಿದಾಗ ನಮ್ಮ ಶಾಖೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ನಿವೃತ್ತಳಾಗುವ ಹೊತ್ತಿಗೆ ಕಂಪ್ಯೂಟರ್ ಇಲ್ಲದೆ ಒಂದು ರೂಪಾಯಿಯೂ ಅಲುಗುತ್ತಿರಲಿಲ್ಲ. ಕ್ಯಾಷ್ ಕ್ಯಾಬಿನ್ನಿನಲ್ಲಿ ಕೂತ ಮೊದಲ ವಾರ ಹಿರಿಯರು ಹೇಳಿಕೊಟ್ಟ ನಿಯಮ ಸರಳವಾಗಿತ್ತು. ಸಂಜೆ ಲೆಕ್ಕ ಹಾಕುವಾಗ ಹಣ ಹೆಚ್ಚು ಬಂದರೆ ಅದನ್ನು, ಯಾರದೆಂದು ತಿಳಿಯದ ಹಣ ಇಡುವ ಸಂಡ್ರಿ ಖಾತೆಗೆ ಹಾಕಬೇಕು, ಕಡಿಮೆ ಬಿದ್ದರೆ ಕ್ಯಾಷಿಯರ್ ತನ್ನ ಕೈಯಿಂದ ತುಂಬಬೇಕು. ಸಂಬಳದ ದಿನವೇ ಹೀಗೆ ಐನೂರು ರೂಪಾಯಿ ತುಂಬಿ, ಬರಿಗೈಯಲ್ಲಿ ಮನೆಗೆ ಹೋದ ಸಹೋದ್ಯೋಗಿಗಳನ್ನು ಕಂಡಿದ್ದೇನೆ. ಅದು ಕಠಿಣ ನಿಯಮ, ಕೆಲವೊಮ್ಮೆ ಅನ್ಯಾಯದ ನಿಯಮ ಕೂಡ. ಆದರೂ ಹಣ ಕಟ್ಟಿ ಹೋದವರನ್ನು ಮರುದಿನ ಕರೆಸಿ ‘ನಿನ್ನೆ ಕಡಿಮೆ ಬಿದ್ದಿದೆ, ನೀವು ಕೊಡಿ’ ಎನ್ನುವ ಪದ್ಧತಿ ನಮ್ಮಲ್ಲಿರಲಿಲ್ಲ. ಹಣ ಕೌಂಟರು ದಾಟಿ ಒಳಗೆ ಬಂದ ಮೇಲೆ ಅದರ ಹೊಣೆ ನಮ್ಮದಾಗಿತ್ತು.

ಕೌಂಟರು ಮೊಬೈಲಿನೊಳಗೆ ಸೇರಿದ ಮೇಲೆ ಈ ಹೊಣೆ ಯಾರದು ಎಂಬುದೇ ನನ್ನ ದೂರಿನ ತಿರುಳು. ಚೀಟಿ ತುಂಬುವುದು, ಮೊತ್ತ ಸರಿಯಾಗಿದೆಯೇ ನೋಡುವುದು, ಎದುರಿನವನು ಯಾರೆಂದು ಗುರುತು ಹಿಡಿಯುವುದು ಎಲ್ಲವೂ ಹಿಂದೆ ಬ್ಯಾಂಕಿನ ಸಿಬ್ಬಂದಿ ಮಾಡುತ್ತಿದ್ದ ಕೆಲಸ. ಅದನ್ನೆಲ್ಲ ಈಗ ಗ್ರಾಹಕರೇ ಸಂಬಳವಿಲ್ಲದೆ ಮಾಡುತ್ತಿದ್ದಾರೆ. ಅದಾದರೂ ಸರಿ. ಆದರೆ ಕೆಲಸದ ಜೊತೆಗೆ ಸಂಜೆಯ ಆ ‘ಕಡಿಮೆ’ಯನ್ನೂ ಅವರಿಗೇ ದಾಟಿಸಿಬಿಟ್ಟಿದ್ದೇವೆ.

ತಂತ್ರಜ್ಞಾನ ಬೇಡ ಎನ್ನಲು ನಾನು ಈ ಪತ್ರ ಬರೆಯುತ್ತಿಲ್ಲ. ಲೆಡ್ಜರ್ ಕಾಲವನ್ನು ಹೊಗಳುವವರಲ್ಲಿ ಹೆಚ್ಚಿನವರು ಲೆಡ್ಜರ್ ಬರೆದವರಲ್ಲ. ಹಿತ್ತಾಳೆಯ ಟೋಕನ್ ಹಿಡಿದು ಜನ ಗಂಟೆಗಟ್ಟಲೆ ಬೆಂಚಿನ ಮೇಲೆ ಕೂರುತ್ತಿದ್ದರು. ಹೊರ ಊರಿನ ಚೆಕ್ಕು ಜಮೆಯಾಗಲು ವಾರಗಳು ಹಿಡಿಯುತ್ತಿದ್ದವು. ಮುಂಬೈಯ ಹೋಟೆಲಿನಲ್ಲಿ ದುಡಿಯುವ ಮಗ ಕಳುಹಿಸಿದ ಡ್ರಾಫ್ಟು ಅಂಚೆಯಲ್ಲಿ ಎಲ್ಲಿದೆಯೋ ಎಂದು ತಾಯಂದಿರು ದಿನವೂ ಬಂದು ಕೇಳುತ್ತಿದ್ದರು. ಅರ್ಧ ವಾರ್ಷಿಕ ಬ್ಯಾಲೆನ್ಸಿಂಗ್ ಬಂದರೆ ಹತ್ತು ಪೈಸೆಯ ವ್ಯತ್ಯಾಸ ಹುಡುಕುತ್ತ ನಡುರಾತ್ರಿ ಆಗುತ್ತಿತ್ತು. ಎಂಬತ್ತರ ದಶಕದಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ್ದ ರಂಗರಾಜನ್ ಸಮಿತಿ ಕಂಪ್ಯೂಟರ್ ತರಲು ಹೇಳಿದಾಗ ನೌಕರರ ಸಂಘಗಳು ವಿರೋಧಿಸಿದವು, ಕಂಪ್ಯೂಟರ್ ಬಂದೇ ಬಂತು, ಜನರಿಗೆ ಅನುಕೂಲವೂ ಆಯಿತು. 2016ರಲ್ಲಿ ಆರಂಭವಾದ ಯುಪಿಐಯಲ್ಲಿ 2025ರ ಆಗಸ್ಟ್ ತಿಂಗಳೊಂದರಲ್ಲೇ 2000 ಕೋಟಿಗೂ ಹೆಚ್ಚು ವಹಿವಾಟು ನಡೆಯಿತು. ನಮ್ಮ ಪೇಟೆಯ ಮೀನು ಮಾರುವ ಹೆಂಗಸರ ಬುಟ್ಟಿಯ ಪಕ್ಕದಲ್ಲೂ ಕ್ಯೂಆರ್ ಕೋಡ್ ಇದೆ. ಚಿಲ್ಲರೆಯ ಜಗಳ ನಿಂತಿದೆ. ಇದನ್ನು ಅಲ್ಲಗಳೆಯುವುದು ಮೂರ್ಖತನ.

ನಮ್ಮ ಜಿಲ್ಲೆಗೆ ಬ್ಯಾಂಕು ಹೊರಗಿನಿಂದ ಬಂದದ್ದಲ್ಲ ಎಂಬುದು ತಮಗೆ ತಿಳಿದೇ ಇದೆ. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು ಮಂಗಳೂರು–ಉಡುಪಿಯ ಈ ಸಣ್ಣ ಪಟ್ಟಿಯಲ್ಲೇ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ಶುರುಮಾಡಿ, ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೂ ಏಜೆಂಟರನ್ನು ಕಳುಹಿಸಿದರು. ಓದು ಬಾರದ ಹೆಂಗಸಿಗೂ ಆ ಏಜೆಂಟನ ಮುಖ ಗೊತ್ತಿತ್ತು, ಅವನ ಮನೆ ಗೊತ್ತಿತ್ತು. ಲೆಕ್ಕ ತಪ್ಪಿದರೆ ಹೋಗಿ ಕೇಳುವ ಧೈರ್ಯವೂ ಇತ್ತು. 2019 ಮತ್ತು 2020ರ ವಿಲೀನಗಳಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಎಂಬ ಮೂರು ಬೋರ್ಡುಗಳು ಇಳಿದವು. ಅದರ ಬಗ್ಗೆ ಹೇಳುವುದು ಬೇಕಾದಷ್ಟಿದೆ, ಇಲ್ಲಿ ಬೇಡ. ವಿಲೀನದ ನಂತರ ಒಂದೇ ಬೀದಿಯ ಎರಡು ಶಾಖೆಗಳು ಒಂದಾದವು, ಗೊತ್ತಿದ್ದ ಮುಖಗಳು ವರ್ಗವಾಗಿ ಹೋದವು, ಕೇಳಲು ಹೋಗುವ ಜಾಗ ಇನ್ನಷ್ಟು ದೂರವಾಯಿತು ಎಂಬಷ್ಟು ಮಾತ್ರ ಈ ಪತ್ರಕ್ಕೆ ಸಂಬಂಧಪಟ್ಟದ್ದು.

ಹೀಗಾಗಿ ಜನ ಈಗ ನನ್ನ ಮನೆಯ ಜಗಲಿಗೆ ಬರುತ್ತಾರೆ. ‘ಬ್ಯಾಂಕಿನ ಅಕ್ಕ’ ಎಂಬ ಹೆಸರು ನಿವೃತ್ತಿಯ ನಂತರವೂ ಬಿಟ್ಟುಹೋಗಿಲ್ಲ. ಅಲ್ಲಿ ನಾನು ಕಂಡದ್ದರಲ್ಲಿ ಎರಡನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದು ಗೇರುಬೀಜದ ಕಾರ್ಖಾನೆಯಲ್ಲಿ ವರ್ಷಾನುಗಟ್ಟಲೆ ದುಡಿದ ಹೆಂಗಸೊಬ್ಬರದು. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಅವರ ಬೆರಳ ತುದಿಗಳು ಕಪ್ಪಾಗಿ, ನುಣುಪಾಗಿ, ಗೆರೆಗಳೇ ಇಲ್ಲದಂತಾಗಿವೆ. ಗೃಹಲಕ್ಷ್ಮಿಯ ಎರಡು ಸಾವಿರ ತೆಗೆಯಲು ಅವರ ಜೊತೆ, ಬ್ಯಾಂಕಿನ ಪರವಾಗಿ ಬೆರಳಚ್ಚು ಪಡೆದು ಹಣ ಕೊಡುವ ಬ್ಯಾಂಕ್ ಮಿತ್ರರ ಅಂಗಡಿಗೆ ಹೋಗಿದ್ದೆ. ಆ ಹುಡುಗ ಒಳ್ಳೆಯವನೇ. ಬೆರಳನ್ನು ಸೆರಗಿಗೆ ಒರೆಸಿ ಇಡಿ ಎಂದ, ಆಮೇಲೆ ತಲೆಗೂದಲಿಗೆ ಉಜ್ಜಿ ಇಡಿ ಎಂದ, ಕೊನೆಗೆ ಬೇರೆ ಬೆರಳು ಕೊಡಿ ಎಂದ. ಯಂತ್ರ ಪ್ರತಿ ಸಲವೂ ಕೆಂಪು ದೀಪ ತೋರಿಸಿತು. ಬೀಡಿ ಕಟ್ಟುವವರದೂ ಇದೇ ಪಾಡು. ನಮ್ಮ ಕಾಲದಲ್ಲಿ ಹೆಬ್ಬೆಟ್ಟಿನವರು ಬಂದರೆ ಮುಖ ನೋಡಿ, ಪಾಸ್‌ಪುಸ್ತಕದ ಫೋಟೋ ನೋಡಿ, ಸಾಕ್ಷಿಯ ಸಹಿ ಪಡೆದು ಹಣ ಕೊಡುತ್ತಿದ್ದೆವು. ಈಗ ಊರಿಗೆಲ್ಲ ಗೊತ್ತಿರುವ ಹೆಂಗಸು ತಾನೇ ತಾನು ಎಂದು ಯಂತ್ರದ ಮುಂದೆ ಸಾಬೀತು ಮಾಡಲಾಗದೆ ಬರಿಗೈಯಲ್ಲಿ ಹಿಂತಿರುಗುತ್ತಾರೆ. ಶಾಖೆಗೆ ಹೋಗಿ ಚೀಟಿ ಬರೆದು ತೆಗೆಯಬಹುದಲ್ಲ ಎಂದರೆ, ಅಲ್ಲಿಗೆ ಬಸ್ಸಿನ ದಾರಿ, ಒಂದು ದಿನದ ಕೂಲಿ ಹೋಯಿತು. ಸಣ್ಣ ಮೊತ್ತವಾದರೆ ಮಿತ್ರರ ಬಳಿಯೇ ತೆಗೆದುಕೊಳ್ಳಿ ಎಂದು ಅಲ್ಲಿಂದಲೇ ಸಾಗಹಾಕುತ್ತಾರೆ.

ಇದೇ ಬೆರಳಚ್ಚಿನ ಇನ್ನೊಂದು ಮುಖವನ್ನು 2023ರಲ್ಲಿ ನಮ್ಮ ಜಿಲ್ಲೆ ನೋಡಿತು. ಮಂಗಳೂರಿನಲ್ಲೂ ಬೆಂಗಳೂರಿನಲ್ಲೂ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ಹೋದ ದೂರುಗಳು ಪೊಲೀಸರಿಗೆ ಬಂದವು. ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚಿನ ನಕಲು ಬಳಕೆಯಾಗಿರುವ ಶಂಕೆ ವ್ಯಕ್ತವಾಯಿತು. ಆ ವ್ಯವಸ್ಥೆಯಲ್ಲಿ ಒಟಿಪಿ ಇಲ್ಲ, ಪಿನ್ ಇಲ್ಲ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇಷ್ಟಿದ್ದರೆ ಸಾಕು. ನಿಜವಾದ ಬೆರಳನ್ನು ಒಪ್ಪದ ಯಂತ್ರ ನಕಲಿ ಬೆರಳನ್ನು ಒಪ್ಪಿದೆ ಎಂದಾದರೆ, ಅಲ್ಲಿ ಗ್ರಾಹಕರು ಎಚ್ಚರ ತಪ್ಪಿದ್ದೆಲ್ಲಿ? ಪಿನ್ ಸೋರಿಹೋದರೆ ಬದಲಿಸಬಹುದು. ಹೆಬ್ಬೆರಳನ್ನು ಬದಲಿಸಲು ಯಾವ ಶಾಖೆಗೆ ಹೋಗಬೇಕು?

ಎರಡನೆಯದು ಎಪ್ಪತ್ತು ದಾಟಿದ, ನಮ್ಮ ನೆರೆಯ ಕೃಷಿಕರೊಬ್ಬರದು. ಪರಿಚಯದವರ ಸಂಖ್ಯೆಯಿಂದಲೇ ಅವರ ವಾಟ್ಸ್‌ಆ್ಯಪ್‌ಗೆ ಪಿಎಂ ಕಿಸಾನ್ ಹೆಸರಿನ ಒಂದು ಫೈಲ್ ಬಂತು. ಪರಿಚಯದವರ ಫೋನ್ ಮೊದಲೇ ಕಳ್ಳರ ವಶವಾಗಿತ್ತು ಎಂಬುದು ಇವರಿಗೆ ಗೊತ್ತಾಗುವುದು ಹೇಗೆ? ಕಂತು ನಿಂತಿದೆಯೇನೋ ಎಂದು ಒತ್ತಿದರು, ಏನೂ ತೆರೆದುಕೊಳ್ಳಲಿಲ್ಲ, ಫೋನ್ ಜೇಬಿಗಿಟ್ಟು ತೋಟಕ್ಕೆ ಹೋದರು. ಫೋನಿಗೆ ಆ್ಯಪ್ ಅಳವಡಿಸುವ ಆ ಎಪಿಕೆ ಫೈಲ್ ಫೋನಿನೊಳಗೆ ಕೂತು ಸಂದೇಶಗಳನ್ನು ಓದಿ ಒಟಿಪಿಯನ್ನು ಆಚೆ ಕಳುಹಿಸುತ್ತಿತ್ತು. ಅಡಿಕೆ ಮಾರಿದ ದುಡ್ಡು, ಲಕ್ಷದ ಹತ್ತಿರ, ರಾತ್ರಿಯೊಳಗೆ ಖಾಲಿ. ಬೆಳಿಗ್ಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆ, ಪೋರ್ಟಲ್‌ನಲ್ಲಿ ದೂರು ಹಾಕಿಸಿದೆ, ಶಾಖೆಗೆ ಲಿಖಿತವಾಗಿ ಕೊಡಿಸಿದೆ. ಕೆಲವು ವಾರಗಳ ಬಳಿಕ ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಒಂದೆರಡು ಸಾಲಿನ ಉತ್ತರ ಬಂತು: ವಹಿವಾಟು ಒಟಿಪಿಯಿಂದ ದೃಢಪಟ್ಟಿದೆ, ಆದ್ದರಿಂದ ಬ್ಯಾಂಕಿನ ಹೊಣೆ ಇಲ್ಲ. ಅವರು ಆ ಕಾಗದವನ್ನು ನನ್ನ ಕೈಗಿಟ್ಟು ಕೇಳಿದರು: “ನಾನು ಯಾರಿಗೂ ಏನೂ ಹೇಳಿಯೇ ಇಲ್ಲವಲ್ಲ ಅಕ್ಕ?”

ಹೇಳಿಲ್ಲ. ಅವರ ಮಾತೇ ಸರಿ. ತಾವೇ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರವೂ ಅವರ ಮಾತೇ ಸರಿ ಎಂಬುದು ನನ್ನ ತಿಳಿವಳಿಕೆ. ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಮೂರನೆಯವರಿಂದ ನಷ್ಟವಾಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ ಎನ್ನುತ್ತದೆ ಆ ಸುತ್ತೋಲೆ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಹಣವನ್ನು ಖಾತೆಗೆ ತಾತ್ಕಾಲಿಕವಾಗಿ ಜಮೆ ಮಾಡಬೇಕು, 90 ದಿನಗಳೊಳಗೆ ದೂರು ಇತ್ಯರ್ಥವಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪು ಗ್ರಾಹಕರದೇ ಎಂದು ಸಾಬೀತುಪಡಿಸುವ ಭಾರ ಬ್ಯಾಂಕಿನದು. ಇಷ್ಟು ಒಳ್ಳೆಯ ನಿಯಮ ಬರೆದವರಿಗೆ ಕೈ ಮುಗಿಯಬೇಕು. ಆದರೆ ಶಾಖೆಯ ಮಟ್ಟದಲ್ಲಿ ನಡೆಯುತ್ತಿರುವುದು ಬೇರೆ. ಒಟಿಪಿ ಬಳಕೆಯಾಗಿದೆ ಎಂಬ ಒಂದೇ ಸಂಗತಿಯನ್ನು ಗ್ರಾಹಕರ ಅಜಾಗರೂಕತೆಗೆ ಪುರಾವೆಯೆಂದು ಹಿಡಿದು ಕಡತ ಮುಚ್ಚುತ್ತಾರೆ. ಬಾಗಿಲು ಕೀಲಿಯಿಂದಲೇ ತೆರೆದಿದೆ, ಆದ್ದರಿಂದ ಮನೆಯವರೇ ಕಳ್ಳನಿಗೆ ಕೀಲಿ ಕೊಟ್ಟಿದ್ದಾರೆ ಎಂದಂತಾಯಿತು.

ಅದೇ ಸುತ್ತೋಲೆಯಲ್ಲಿ ಇನ್ನೊಂದು ಸಾಲಿದೆ. ವಹಿವಾಟಿನ ಎಸ್‌ಎಂಎಸ್ ಬಂದಾಗ ಅದಕ್ಕೇ ಮರುಉತ್ತರ ಕಳುಹಿಸಿ ಗ್ರಾಹಕರು ಆಕ್ಷೇಪ ಎತ್ತಲು ಸಾಧ್ಯವಾಗಬೇಕು, ವೆಬ್ ಪುಟವನ್ನೋ ಇಮೇಲ್ ವಿಳಾಸವನ್ನೋ ಹುಡುಕಿಕೊಂಡು ಹೋಗುವಂತಾಗಬಾರದು ಎಂದು ತಾವು ಸ್ಪಷ್ಟವಾಗಿ ಹೇಳಿದ್ದೀರಿ. ನನ್ನ ಜಗಲಿಗೆ ಬಂದ ಫೋನುಗಳಲ್ಲಿ ನಾನು ನೋಡಿದ ಸಂದೇಶಗಳಿಗೆ ಮರುಉತ್ತರ ಕೊಡಲು ಬರುವುದಿಲ್ಲ. ಕೆಳಗೊಂದು ಸಂಖ್ಯೆ ಇರುತ್ತದೆ. ಅದಕ್ಕೆ ಕರೆ ಮಾಡಿದರೆ ಭಾಷೆ ಆರಿಸಲು ಒಂದು ಗುಂಡಿ, ಕಾರ್ಡಿಗೆ ಒಂದು, ಸಾಲಕ್ಕೆ ಒಂದು, ನಡುವೆ ಗೃಹಸಾಲದ ಜಾಹೀರಾತು. ಹಣ ಹೋಗುತ್ತಿರುವ ಹೊತ್ತಿನಲ್ಲಿ ಮನುಷ್ಯರ ಧ್ವನಿ ಸಿಗುವಷ್ಟರಲ್ಲಿ ಆ ಹಣ ಇನ್ನೂ ನಾಲ್ಕು ಖಾತೆ ದಾಟಿರುತ್ತದೆ.

ಆ ಖಾತೆಗಳ ವಿಷಯವನ್ನೂ ಕೇಳಬೇಕಿದೆ. ಕದ್ದ ಹಣ ಗಾಳಿಯಲ್ಲಿ ಕರಗುವುದಿಲ್ಲ. ಯಾವುದೋ ಬ್ಯಾಂಕಿನ ಯಾವುದೋ ಶಾಖೆಯ ಖಾತೆಗೆ ಹೋಗಿ ಬೀಳುತ್ತದೆ. ಕಮಿಷನ್ ಆಸೆಗೆ ಬಾಡಿಗೆಗೆ ಕೊಟ್ಟ ಖಾತೆಗಳವು. ಅವಕ್ಕೂ ಕೆವೈಸಿ, ಅಂದರೆ ಗ್ರಾಹಕರ ಗುರುತು–ವಿಳಾಸದ ಪರಿಶೀಲನೆ, ಆಗಿರಲೇಬೇಕಲ್ಲ? ನಲವತ್ತು ವರ್ಷ ಒಂದೇ ವಿಳಾಸದಲ್ಲಿರುವ ಪಿಂಚಣಿದಾರರಿಂದ ಮತ್ತೆ ಮತ್ತೆ ಆಧಾರ್ ನಕಲು ತರಿಸಿಕೊಳ್ಳುವ, ತರುವುದು ತಡವಾದರೆ ಖಾತೆ ತಡೆಹಿಡಿಯುವ ಬ್ಯಾಂಕುಗಳು, ನಿನ್ನೆ ತೆರೆದ ಖಾತೆಗೆ ಇಂದು ಲಕ್ಷಗಟ್ಟಲೆ ಬಂದು ಅರ್ಧ ಗಂಟೆಯಲ್ಲಿ ಹೊರಹೋಗುವುದನ್ನು ಸುಮ್ಮನೆ ನೋಡುತ್ತವೆ. ಹಿಂದೆ ಕೂಲಿ ಕೆಲಸದವನೊಬ್ಬನ ಖಾತೆಗೆ ದಿಢೀರನೆ ದೊಡ್ಡ ಮೊತ್ತ ಬಂದರೆ ಲೆಡ್ಜರ್ ಬರೆಯುವ ಗುಮಾಸ್ತ ತಲೆ ಎತ್ತಿ ಮ್ಯಾನೇಜರ್ ಕಡೆ ನೋಡುತ್ತಿದ್ದ.

ಯಂತ್ರಕ್ಕೆ ಆ ಶಕ್ತಿ ಇಲ್ಲವೇ? ಖಂಡಿತ ಇದೆ. 2025ರ ಜುಲೈಯಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳುಹಿಸಿತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರು ಬೆದರಿ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬರೆದು ಹಾಕಿದರು. ಕೊನೆಗೆ ಹಳೆಯ ಬಾಕಿಗೆ ಬೆನ್ನು ಹತ್ತುವುದಿಲ್ಲ ಎಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಅದು ತಮ್ಮ ವ್ಯಾಪ್ತಿಯ ವಿಷಯವಲ್ಲ, ತೆರಿಗೆ ಕಟ್ಟಬೇಕಾದವರು ಕಟ್ಟಲಿ ಎಂಬುದೂ ಸರಿಯೇ. ನನ್ನ ಗಮನ ಸೆಳೆದದ್ದು ಬೇರೆ. ಚಹಾ ಅಂಗಡಿಯೊಂದರ ಹತ್ತು ಹತ್ತು ರೂಪಾಯಿಗಳನ್ನು 2021–22ರವರೆಗೆ ಹಿಂದಕ್ಕೆ ಹೋಗಿ ಕೂಡಿಸಿ ಕೊಡಬಲ್ಲ ವ್ಯವಸ್ಥೆಗೆ, ಅಡಿಕೆ ಕೃಷಿಕರ ಲಕ್ಷ ರೂಪಾಯಿಯ ಜಾಡು ಒಂದೇ ರಾತ್ರಿಯಲ್ಲಿ ತಪ್ಪಿಹೋಗುತ್ತದೆ. ಜನರು ಡಿಜಿಟಲ್ ವಹಿವಾಟನ್ನು ನಂಬಬೇಕೆಂದು ತಾವು ಬಯಸುತ್ತೀರಿ. ತಮ್ಮನ್ನು ರಕ್ಷಿಸದ ಕಣ್ಣು ತಮ್ಮ ಮೇಲೆ ನಿಗಾ ಇಡುತ್ತಲೇ ಇದೆ ಎಂದು ಜನರಿಗೆ ಅನ್ನಿಸಿದ ಮೇಲೆ ಅವರು ನಂಬುವುದು ಕಷ್ಟ.

ಜಾಗೃತಿಯ ಬಗ್ಗೆ ಒಂದು ಮಾತು. ಕೆಲವು ಕಾಲ ಯಾರಿಗೆ ಕರೆ ಮಾಡಿದರೂ ಮೊದಲು ಸೈಬರ್ ವಂಚನೆಯ ಉಪದೇಶ ಕೇಳಬೇಕಿತ್ತು. ಆಂಬುಲೆನ್ಸಿಗಾಗಿ ಗೊತ್ತಿದ್ದ ಡ್ರೈವರಿಗೆ ಕರೆ ಮಾಡುವವರೂ ಅದನ್ನು ಪೂರ್ತಿ ಕೇಳಿಯೇ ಮುಂದುವರಿಯಬೇಕಿತ್ತು. ಬ್ಯಾಂಕುಗಳ ಜಾಲತಾಣದ ವಿಳಾಸ ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವಂತೆ ತಾವು ಮಾಡಿಸಿದ್ದೀರಿ, ಗ್ರಾಹಕರಿಗೆ ಕರೆ ಮಾಡಲು 1600ರಿಂದ ಶುರುವಾಗುವ ಸಂಖ್ಯೆ ಬಳಸುವಂತೆ ಬ್ಯಾಂಕುಗಳಿಗೆ ಹೇಳಿದ್ದೀರಿ. ಒಳ್ಳೆಯ ಕ್ರಮಗಳೇ. ಆದರೆ ಗೇರುಬೀಜದ ಕಾರ್ಖಾನೆಯಿಂದ ಬಂದ ಹೆಂಗಸಿಗೆ ಜಾಲತಾಣದ ವಿಳಾಸದ ಬಾಲ ನೋಡಿ ಅಸಲಿ–ನಕಲಿ ಗುರುತಿಸಿ ಎಂದು ನಾನು ಹೇಗೆ ಹೇಳಲಿ? ಎಚ್ಚರ ಕಲಿಸುವುದು ಬೇಕು. ಎಚ್ಚರಿಸಿದ್ದೆವಲ್ಲ, ಇನ್ನು ನಷ್ಟ ನಿಮ್ಮದು ಎನ್ನಲು ಅದು ನೆಪವಾಗಬಾರದು.

ಮಾನ್ಯರೇ, ಬ್ಯಾಂಕುಗಳು ತಡಮಾಡಿದರೆ ಅದಕ್ಕೆ ಬೆಲೆ ಕಟ್ಟುವುದು ತಮಗೆ ಗೊತ್ತಿದೆ. ಎಟಿಎಂ ಹಣ ಕೊಡದೆ ಖಾತೆಯಿಂದ ಕಡಿತವಾದರೆ ಐದು ದಿನಗಳೊಳಗೆ ಮರಳಿಸಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಗ್ರಾಹಕರು ಕೇಳದಿದ್ದರೂ ಕೊಡಬೇಕು ಎಂದು 2019ರ ಸೆಪ್ಟೆಂಬರಿನಲ್ಲಿ ತಾವು ಆದೇಶಿಸಿದಿರಿ. ನನ್ನ ಮೊದಲ ಕೋರಿಕೆ ಅದೇ ಜಾಡಿನದು. ವಂಚನೆಯ ದೂರು ಬಂದ ಹತ್ತು ಕೆಲಸದ ದಿನಗಳಲ್ಲಿ ತಾತ್ಕಾಲಿಕ ಜಮೆ ಮಾಡದ ಬ್ಯಾಂಕಿಗೂ ದಿನಕ್ಕಿಷ್ಟು ಎಂದು ಬೀಳಲಿ. ಒಟಿಪಿ ಬಳಕೆಯಾದದ್ದಷ್ಟೇ ಅಜಾಗರೂಕತೆಗೆ ಸಾಕ್ಷಿಯಾಗದು ಎಂದು ಒಂದೇ ಸಾಲಿನಲ್ಲಿ ಬರೆದುಬಿಡಿ. ದೂರು ತಿರಸ್ಕರಿಸುವ ಪತ್ರದಲ್ಲಿ ಬ್ಯಾಂಕು ಏನು ತನಿಖೆ ಮಾಡಿತು, ಹಣ ಯಾವ ಬ್ಯಾಂಕಿನ ಖಾತೆಗೆ ಹೋಯಿತು ಎಂಬುದು ಕಡ್ಡಾಯವಾಗಿ ಇರಲಿ. ಕದ್ದ ಹಣ ಪಡೆದ ಖಾತೆಯ ಕೆವೈಸಿ ಸುಳ್ಳೆಂದು ತಿಳಿದರೆ, ಆ ಖಾತೆ ತೆರೆದ ಬ್ಯಾಂಕೂ ನಷ್ಟದ ಒಂದು ಪಾಲು ಹೊರಲಿ. ಇದೊಂದು ಜಾರಿಯಾದರೆ ಉಳಿದ ಎಷ್ಟೋ ಉಪಾಯಗಳನ್ನು ಬ್ಯಾಂಕುಗಳು ತಾವಾಗಿಯೇ ಹುಡುಕಿಕೊಳ್ಳುತ್ತವೆ ಎಂಬುದು ಕ್ಯಾಬಿನ್ನಿನಲ್ಲಿ ಕೂತವಳ ಅನುಭವದ ಮಾತು: ತುಂಬುವ ಭಯ ಇದ್ದವರು ನೋಟನ್ನು ಎರಡು ಸಲ ಎಣಿಸುತ್ತಾರೆ.

ಹಿರಿಯ ನಾಗರಿಕರು ಹಿಂದೆಂದೂ ಹಣ ಕಳುಹಿಸದ ಖಾತೆಗೆ ದೊಡ್ಡ ಮೊತ್ತ ಕಳುಹಿಸುವಾಗ ಅದು ಕೆಲವು ಗಂಟೆ ತಡೆದು ಹೋಗಲಿ, ಬೇಕೆಂದವರು ಆರಿಸಿಕೊಳ್ಳುವ ಸೌಲಭ್ಯವಾಗಿಯಾದರೂ. ಪೊಲೀಸರೆಂದು ಹೇಳಿಕೊಂಡು ವಿಡಿಯೊ ಕರೆ ಮಾಡಿ, ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಜೀವಮಾನದ ಉಳಿತಾಯ ದೋಚುವವರ ಬಂಡವಾಳವೇ ಅವಸರ. ಆಧಾರ್ ಪಾವತಿಯನ್ನು ಗ್ರಾಹಕರು ಕೇಳಿದರೆ ಮಾತ್ರ ಖಾತೆಗೆ ತೆರೆಯಲಿ. ಬೆರಳು ಒಪ್ಪದವರಿಗೆ ಬೇರೆ ದಾರಿ ಅದೇ ಅಂಗಡಿಯಲ್ಲೇ ಇರಲಿ. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿಗೆ ನಗದು ತಲುಪಿಸುವ ಸೇವೆ ಕೊಡಬೇಕೆಂದು 2017ರ ನವೆಂಬರಿನಲ್ಲೇ ತಾವು ಸೂಚಿಸಿದ್ದೀರಿ. ಅದನ್ನು ಕೇಳಿದಾಗ ನಮ್ಮ ಪೇಟೆಯ ಶಾಖೆಯೊಂದರ ಯುವ ಅಧಿಕಾರಿ ಅಂಥದ್ದಿದೆಯೇ ಎಂದು ನನ್ನನ್ನೇ ಕೇಳಿದರು. ಅವರನ್ನು ದೂರುವುದಿಲ್ಲ, ಮೂವರ ಕೆಲಸ ಒಬ್ಬರೇ ಮಾಡುತ್ತಿದ್ದರು, ಮೇಜಿನ ಮೇಲೆ ವಿಮೆ ಮಾರಾಟದ ಗುರಿಯ ಪಟ್ಟಿ ಇತ್ತು.

ಕೊನೆಯದು ಭಾಷೆಯ ಮಾತು. ಖಾತೆ ತೆರೆಯುವ ಅರ್ಜಿ, ಚಲನ್, ಪಾಸ್‌ಪುಸ್ತಕ ಇವೆಲ್ಲ ಹಿಂದಿ, ಇಂಗ್ಲಿಷಿನ ಜೊತೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕೆಂಬುದು ತಮ್ಮ ಹಳೆಯ ಸೂಚನೆ. ಕಾಗದ ಹೋಗಿ ಫೋನ್ ಬಂದ ಕೂಡಲೇ ಆ ಸೂಚನೆ ಎಲ್ಲಿ ಹೋಯಿತು? ಹಣ ಹೋದ ಸಂದೇಶ, ಒಟಿಪಿಯ ಸಂದೇಶ, ದೂರಿಗೆ ಬರುವ ಉತ್ತರ, ಈ ಮೂರಾದರೂ ಗ್ರಾಹಕರು ಆರಿಸಿದ ಭಾಷೆಯಲ್ಲಿ ಬರಬೇಕು. ಅಜ್ಜಿಯಂದಿರು ತಮ್ಮ ಹಣದ ಸುದ್ದಿ ಓದಿಸಲು ಪಕ್ಕದ ಮನೆಯ ಹುಡುಗನ ಕೈಗೆ ಫೋನ್ ಕೊಡುತ್ತಾರೆ. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂಬ ಎಚ್ಚರಿಕೆಯನ್ನೂ ಆ ಹುಡುಗನೇ ಓದಿ ಹೇಳಬೇಕು. ತಮ್ಮ 14448 ಸಹಾಯವಾಣಿಯಲ್ಲಿ ಕನ್ನಡವಿದೆ, ಚಂಡೀಗಢದ ತಮ್ಮ ಕೇಂದ್ರ ಯಾವ ಭಾಷೆಯಲ್ಲಿ ದೂರು ಬರೆದರೂ ಸ್ವೀಕರಿಸುತ್ತದೆ. ರಿಸರ್ವ್ ಬ್ಯಾಂಕಿಗೆ ಆಗುವುದು ಇತರ ಬ್ಯಾಂಕುಗಳಿಗೆ ಆಗದು ಎನ್ನಲು ಕಾರಣ ಕಾಣುತ್ತಿಲ್ಲ.

ನೆರೆಯ ಕೃಷಿಕರ ದೂರನ್ನು, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ತಮ್ಮ ಒಂಬುಡ್ಸ್‌ಮನ್ ಅವರಿಗೆ ಕನ್ನಡದಲ್ಲೇ ಬರೆದು ಕಳುಹಿಸಿದ್ದೇವೆ. ಈ ಪತ್ರದ ಪ್ರತಿಯನ್ನು ಬೆಂಗಳೂರಿನ ನೃಪತುಂಗ ರಸ್ತೆಯ ತಮ್ಮ ಪ್ರಾದೇಶಿಕ ಕಚೇರಿಗೂ ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿಗೂ ಅಂಚೆಯಲ್ಲಿ ಹಾಕುತ್ತಿದ್ದೇನೆ. ಕನ್ನಡದಲ್ಲಿ ಉತ್ತರ ಬಂದರೆ ಜಗಲಿಗೆ ಬರುವವರೆಲ್ಲರಿಗೂ ಓದಿ ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ಕ್ಯಾಷಿಯರ್
ದಕ್ಷಿಣ ಕನ್ನಡ ಜಿಲ್ಲೆ